ಹೊಟ್ಟೆಗೂ ಒಂದು ಹೊತ್ತಿರಲಿ: ನಮ್ಮೂರ ಊಟದಲ್ಲೇ ಜೀರ್ಣ ಸರಿ ಮಾಡಿಕೊಳ್ಳುವ ಬಗೆ

ಮೃಗಶಿರಾ ಮಳೆ ಹಿಡಿದ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲೂ ಕೆಳಗೂ ಕೇಳುವ ದೂರು ಒಂದೇ. ಹೊಟ್ಟೆ ಬಿಗಿ. ಹುಳಿತೇಗು. ಮಧ್ಯಾಹ್ನ ಉಂಡದ್ದು ಸಂಜೆಯಾದರೂ ಕರಗಿಲ್ಲ ಅನ್ನುವ ಭಾರ. ಕೆಲವರಿಗೆ ಇದು ಮಳೆಗಾಲದ ಜೊತೆಗೇ ಮುಗಿಯುತ್ತದೆ. ಕೆಲವರಿಗೆ ವರ್ಷವಿಡೀ ಬಿಡುವುದಿಲ್ಲ. ಅಂಥವರು ಸಿಕ್ಕಿದಾಗೆಲ್ಲ ಮೊದಲು ಕೇಳುವುದು ‘ಯಾವ ಕಷಾಯ ಕುಡಿಯಬೇಕು, ಯಾವ ಚೂರ್ಣ ಒಳ್ಳೆಯದು?’ ಎಂದು.

ಕಷಾಯವನ್ನೂ ಹೇಳುತ್ತೇನೆ. ಆದರೆ ಅದರ ಸರದಿ ಕೊನೆಗೆ. ನಾನು ವೈದ್ಯೆ ಅಲ್ಲ. ಆಯುರ್ವೇದವನ್ನು ಆಸಕ್ತಿಯಿಂದ ಓದಿಕೊಂಡು, ಶಿರಸಿ ಸೀಮೆಯ ಅಡುಗೆಮನೆಯಲ್ಲಿ ಅದನ್ನು ಬಳಸುತ್ತ ಬಂದವಳು. ನನಗೆ ಖಾತ್ರಿಯಾಗಿರುವುದು ಇಷ್ಟು: ಹಸಿವು ಬರುವ ತನಕ ಕಾಯಲು ಕಲಿಯದಿದ್ದರೆ ಯಾವ ಪುಡಿಯೂ ಕೈ ಹಿಡಿಯುವುದಿಲ್ಲ. ಹಸಿವು ಹೊತ್ತಿಗೆ ಸರಿಯಾಗಿ ಬರತೊಡಗಿದರೆ ಪುಡಿ ಹುಡುಕುವ ಅಗತ್ಯ ಬಹಳ ಮಂದಿಗೆ ಬೀಳುವುದೇ ಇಲ್ಲ.

ಶುರು ಮಾಡುವ ಮೊದಲು ಒಂದು ಮಾತು

ಕೆಲವು ಲಕ್ಷಣಗಳಿದ್ದರೆ ಈ ಲೇಖನ ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ. ಮಲದಲ್ಲಿ ರಕ್ತ ಅಥವಾ ಟಾರಿನಂಥ ಕಪ್ಪು ಬಣ್ಣ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವಾಗ ಸಿಕ್ಕಿಕೊಂಡಂತಾಗುವುದು, ಬಿಡದ ವಾಂತಿ, ಕಣ್ಣು ಹಳದಿಯಾಗುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ಹೊಟ್ಟೆನೋವು. ನಲವತ್ತೈದು-ಐವತ್ತು ದಾಟಿದವರಿಗೆ ಹೊಸದಾಗಿ ಅಜೀರ್ಣ ಶುರುವಾದರೂ ಒಮ್ಮೆ ತೋರಿಸಿಕೊಳ್ಳಬೇಕು. ಎದೆಯುರಿಯ ಜೊತೆ ಬೆವರು, ಉಬ್ಬಸ, ಎಡತೋಳಿಗೋ ದವಡೆಗೋ ಹರಡುವ ನೋವು ಇದ್ದರೆ ‘ಗ್ಯಾಸ್ ಇರಬೇಕು’ ಎಂದು ಓಮದ ನೀರು ಕುಡಿಯುತ್ತ ಕೂರಬೇಡಿ. ನಮ್ಮ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆ ದೂರ. ಆ ಕಾರಣಕ್ಕೇ ಬೇಗ ಹೊರಡಬೇಕು.

ಒಂದನೇ ಹೆಜ್ಜೆ: ನಿಮ್ಮ ಹಸಿವನ್ನು ಗುರುತು ಹಿಡಿಯಿರಿ

ಆಯುರ್ವೇದದಲ್ಲಿ ಜೀರ್ಣಶಕ್ತಿಗೆ ಅಗ್ನಿ ಅಂತ ಹೆಸರು. ಅದನ್ನು ನಾಲ್ಕು ಬಗೆಯಾಗಿ ನೋಡುತ್ತಾರೆ. ಒಂದು ಸರಿಯಾದದ್ದು, ಉಳಿದ ಮೂರು ವಾತ, ಪಿತ್ತ, ಕಫ ಎಂಬ ದೇಹದ ಮೂರು ದೋಷಗಳಿಗೆ ಸೇರಿದವು. ಹೊತ್ತಿಗೆ ಹಸಿದು, ಉಂಡದ್ದು ಸದ್ದಿಲ್ಲದೆ ಕರಗಿದರೆ ಅದು ಸಮಾಗ್ನಿ. ಒಂದು ದಿನ ಭಾರೀ ಹಸಿವು, ಮರುದಿನ ಇಲ್ಲವೇ ಇಲ್ಲ, ಹೊಟ್ಟೆ ಉಬ್ಬರ, ಗುಡುಗುಡು, ಮಲ ಒಮ್ಮೆ ಗಟ್ಟಿ ಒಮ್ಮೆ ತೆಳು ಅಂತಾದರೆ ವಿಷಮಾಗ್ನಿ, ವಾತದ್ದು. ಹಸಿವು ತಡೆಯಲಿಕ್ಕೇ ಆಗದು, ಸ್ವಲ್ಪ ತಡವಾದರೆ ತಲೆನೋವು, ಸಿಟ್ಟು, ಎದೆಯುರಿ ಅಂತಾದರೆ ತೀಕ್ಷ್ಣಾಗ್ನಿ, ಪಿತ್ತದ್ದು. ಬೆಳಿಗ್ಗೆ ಎದ್ದರೆ ಬಾಯಿ ರುಚಿ ಇಲ್ಲ, ನಾಲಿಗೆ ಮೇಲೆ ಬಿಳಿ ಪದರ, ಸ್ವಲ್ಪ ಉಂಡರೂ ತೂಕಡಿಕೆ, ಮೈಭಾರ ಅಂತಾದರೆ ಮಂದಾಗ್ನಿ, ಕಫದ್ದು.

ಒಂದು ವಾರ ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಬರೆದಿಡಿ. ಎಷ್ಟು ಹೊತ್ತಿಗೆ ಉಂಡೆ, ಆಗ ನಿಜವಾಗಿ ಹಸಿವಿತ್ತಾ, ಎರಡು ತಾಸು ಬಿಟ್ಟು ಹೊಟ್ಟೆ ಹೇಗಿತ್ತು, ಬೆಳಿಗ್ಗೆ ಹೊಟ್ಟೆ ಸರಿಯಾಗಿ ಖಾಲಿಯಾಯಿತಾ. ಚಹಾ, ಬಿಸ್ಕೀಟು, ಬಾಯಾಡಿಸಿದ ಚಕ್ಕುಲಿ ಕೂಡ ಬರೆಯಿರಿ. ಅವನ್ನೇ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಗುರುತು ಯಾಕೆ ಬೇಕು ಅಂದರೆ, ಮಂದಾಗ್ನಿಯವರಿಗೆ ಒಳ್ಳೆಯದಾದ ಕಾಳುಮೆಣಸು, ಶುಂಠಿ ಎದೆಯುರಿಯವರಿಗೆ ಉರಿ ಹೆಚ್ಚಿಸುತ್ತದೆ. ಪಕ್ಕದ ಮನೆಯವರಿಗೆ ಹೊಂದಿದ ಮದ್ದು ನಮಗೂ ಹೊಂದಬೇಕು ಅಂತಿಲ್ಲ.

ಎರಡನೇ ಹೆಜ್ಜೆ: ಊಟದ ನಡುವೆ ಜಾಗ ಬಿಡಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು.

ನಮ್ಮ ಕಡೆಯ ಒಂದು ಸಾಮಾನ್ಯ ದಿನ ನೋಡಿ. ಎಂಟಕ್ಕೆ ದೋಸೆ, ಬೆಲ್ಲ, ತುಪ್ಪ. ಹನ್ನೊಂದಕ್ಕೆ ಯಾರೋ ಬಂದರು, ಆಸ್ರಿಗೆ, ಅಂದರೆ ಬಾಯಾರಿಕೆಗೆ ಅಂತ ಅವರ ಜೊತೆ ನಮ್ಮದೂ ಒಂದು ಲೋಟ ಚಹಾ, ಎರಡು ಶಂಕರಪೋಳಿ. ಒಂದೂವರೆಗೆ ಊಟ. ನಾಲ್ಕೂವರೆಗೆ ಮತ್ತೆ ಚಹಾ, ಮಳೆ ಬರುತ್ತಿದ್ದರೆ ಹಲಸಿನ ಹಪ್ಪಳ, ಇಲ್ಲವಾದರೆ ಪೇಟೆಯಿಂದ ತಂದ ಬಜ್ಜಿ. ರಾತ್ರಿ ಊಟ ಹತ್ತಕ್ಕೆ, ಹತ್ತೂವರೆಗೆ ಹಾಸಿಗೆ. ಕಾರವಾರ, ಅಂಕೋಲೆಯ ಕಡೆ ದೋಸೆಯ ಜಾಗಕ್ಕೆ ಬನ್ಸ್-ಭಾಜಿ ಬರುತ್ತದೆ, ಉಳಿದದ್ದು ಹೆಚ್ಚುಕಡಿಮೆ ಹೀಗೇ. ಇದರಲ್ಲಿ ಹೊಟ್ಟೆ ಖಾಲಿ ಕೂತ ಹೊತ್ತು ಯಾವುದು? ರಾತ್ರಿ ಬಿಟ್ಟರೆ ಒಂದೂ ಇಲ್ಲ.

ಮೊದಲಿನದು ಕರಗುವ ಮುಂಚೆ ಮತ್ತೆ ತಿನ್ನುವುದಕ್ಕೆ ಆಯುರ್ವೇದ ಅಧ್ಯಶನ ಅನ್ನುತ್ತದೆ. ಒಲೆಯಲ್ಲಿ ಬೆಂಕಿ ಹೊಗೆಯಾಡುತ್ತಿರುವಾಗ ಇನ್ನೊಂದು ಹಿಡಿ ಹಸಿ ಕಟ್ಟಿಗೆ ತುರುಕಿದ ಹಾಗೆ ಅದು. ಅರೆಬೆಂದು ಉಳಿದದ್ದಕ್ಕೆ ಆಮ ಎಂದು ಹೆಸರು. ಇಂದಿನ ವೈದ್ಯಶಾಸ್ತ್ರ ಬೇರೆ ಮಾತಿನಲ್ಲಿ ಇದರ ಹತ್ತಿರದ್ದನ್ನೇ ಹೇಳುತ್ತದೆ. ಹೊಟ್ಟೆ ಖಾಲಿ ಇದ್ದಾಗ ಸುಮಾರು ಒಂದೂವರೆ ಎರಡು ತಾಸಿಗೊಮ್ಮೆ ಜಠರ ಮತ್ತು ಸಣ್ಣಕರುಳಿನಲ್ಲಿ ಅಲೆಯಂಥ ಚಲನೆ ಎದ್ದು ಉಳಿದ ಚೂರುಪಾರನ್ನು ಮುಂದೆ ತಳ್ಳುತ್ತದೆ. ಬಾಯಿಗೆ ಏನಾದರೂ ಬಿದ್ದ ಕೂಡಲೇ ಆ ಚಲನೆ ನಿಲ್ಲುತ್ತದೆ.

ಹಾಗಾದರೆ ಮಾಡಬೇಕಾದ್ದು: ಎರಡು ಊಟದ ನಡುವೆ ನಾಲ್ಕೈದು ತಾಸು ನೀರು ಬಿಟ್ಟು ಬೇರೇನೂ ಬೇಡ. ಒಂದೇ ಸಲ ಆಗುವುದಿಲ್ಲ. ಮೊದಲ ವಾರ ಹನ್ನೊಂದರ ಚಹಾ ಬಿಡಿ. ಮನೆಗೆ ಬಂದವರಿಗೆ ಕೊಡುವಾಗ ನೀವು ಬೆಚ್ಚಗಿನ ನೀರು ಹಿಡಿದು ಕೂತರೂ ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಎರಡನೇ ವಾರ ಸಂಜೆಯ ಕರಿದದ್ದನ್ನು ಬಿಡಿ. ಮೂರನೇ ವಾರ ರಾತ್ರಿ ಊಟವನ್ನು ಎಂಟಕ್ಕೆ ತನ್ನಿ. ದಿನದ ದೊಡ್ಡ ಊಟ ಮಧ್ಯಾಹ್ನ ಇರಲಿ, ರಾತ್ರಿಯದ್ದು ಅದರ ಅರ್ಧ, ಹೆಚ್ಚೆಂದರೆ ಮುಕ್ಕಾಲು.

ಉಂಡದ್ದು ಕರಗಿದೆ ಅಂತ ತಿಳಿಯುವುದು ಹೇಗೆ? ತೇಗಿನಲ್ಲಿ ಊಟದ ವಾಸನೆ ಇರುವುದಿಲ್ಲ. ಮೈ ಹಗುರ, ಕೆಲಸಕ್ಕೆ ಹುರುಪು, ಮಲ ಮೂತ್ರ ಸಲೀಸು, ಹಸಿವು ಬಾಯಾರಿಕೆ ತಾನಾಗಿ ಬರುತ್ತವೆ. ಹಳೆಯ ಗ್ರಂಥಗಳು ಕೊಟ್ಟ ಗುರುತು ಇವೇ, ಇವತ್ತಿಗೂ ಸಾಕು. ಮಧ್ಯಾಹ್ನದ ಬದನೆಕಾಯಿ ಎಣ್ಣೆಗಾಯಿ ರಾತ್ರಿ ಎಂಟಕ್ಕೂ ತೇಗಿನಲ್ಲಿ ಬರುತ್ತಿದ್ದರೆ ಆ ರಾತ್ರಿ ಗಂಜಿಯ ತಿಳಿ ಸಾಕು, ಊಟ ಬೇಡ.

ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂರುವವರು, ಬೆಳಗಿನ ಜಾವ ದೋಣಿ ಹತ್ತುವವರು, ಕೈಗಾದಲ್ಲಿ ಪಾಳಿ ಮೇಲೆ ದುಡಿಯುವವರು ‘ನಮಗೆ ಇದೆಲ್ಲ ಆಗುವುದಾ’ ಅನ್ನಬಹುದು. ಗಡಿಯಾರದ ಹೊತ್ತು ಬದಲಾದರೂ ಊಟಗಳ ನಡುವಿನ ಅಂತರ ಬದಲಿಸಬೇಡಿ. ಅಡಿಕೆ ಸುಲಿಯುವ ಮೊದಲೇ ಏಳೂವರೆಗೆ ಉಂಡು ಕೂತರೆ ನಡುವೆ ಬರುವ ಅವಲಕ್ಕಿ ಚಹಾ ಬೇಕೆನಿಸುವುದಿಲ್ಲ. ರಾತ್ರಿ ಪಾಳಿಯವರು ಕೆಲಸಕ್ಕೆ ಹೊರಡುವ ಮುನ್ನ ಸರಿಯಾಗಿ ಉಣ್ಣಿ. ನಡುರಾತ್ರಿ ಮಜ್ಜಿಗೆ ಅಥವಾ ತೆಳು ಗಂಜಿಯಂಥದ್ದು ಸಾಕು, ಪರೋಟ ಬೇಡ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳು ಈ ಅಂತರವನ್ನು ತಾವಾಗಿ ಹೆಚ್ಚಿಸಬಾರದು. ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಮೂರನೇ ಹೆಜ್ಜೆ: ಎಷ್ಟು ಉಣ್ಣಬೇಕು

ಅಷ್ಟಾಂಗ ಹೃದಯ ಎಂಬ ಹಳೆಯ ಆಯುರ್ವೇದ ಗ್ರಂಥದಲ್ಲಿ ವಾಗ್ಭಟ ಹೇಳಿದ ಲೆಕ್ಕ ಸರಳ. ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ. ಎರಡು ಪಾಲು ಅನ್ನ ಪಲ್ಯಕ್ಕೆ, ಒಂದು ಪಾಲು ನೀರು ಮಜ್ಜಿಗೆಗೆ, ಒಂದು ಪಾಲು ಖಾಲಿ. ಬಾಳೆ ಎಲೆಯಲ್ಲಿ ಬಡಿಸುವವರ ಮುಂದೆ ಈ ಲೆಕ್ಕ ಉಳಿಸಿಕೊಳ್ಳುವುದು ಕಷ್ಟ, ಒಪ್ಪುತ್ತೇನೆ. ಮದುವೆ ಮನೆಯಲ್ಲಿ ಹೋಳಿಗೆ ತಿನ್ನಿ, ಸಂತೋಷವಾಗಿ ತಿನ್ನಿ. ಆವತ್ತು ಅನ್ನ ಕಡಿಮೆ ಮಾಡಿ, ರಾತ್ರಿ ಊಟ ಬಿಡಿ.

ನೀರನ್ನು ಊಟದ ನಡುನಡುವೆ ಗುಟುಕು ಗುಟುಕಾಗಿ ಕುಡಿಯಿರಿ. ಉಂಡಾದ ಕೂಡಲೇ ದೊಡ್ಡ ಚೊಂಬು ಎತ್ತಬೇಡಿ, ಫ್ರಿಜ್ಜಿನ ನೀರಂತೂ ಬೇಡವೇ ಬೇಡ.

ನಾಲ್ಕನೇ ಹೆಜ್ಜೆ: ಎಲೆಯ ಮೇಲೆ ಏನಿರಬೇಕು

ಇಲ್ಲಿ ನಮಗೆ ಹೊರಗಿನಿಂದ ಏನೂ ತರಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಊಟದ ಶುರುವಿಗೆ ಬರುವ ತಂಬುಳಿ ಜೀರ್ಣಕ್ಕೆಂದೇ ಮಾಡಿದ ಅಡುಗೆ.

ಒಂದೆಲಗದ ತಂಬುಳಿ ಮಾಡುವ ರೀತಿ ಹೇಳುತ್ತೇನೆ. ತೋಟದ ಕಾಲುವೆ ಅಂಚಿನಲ್ಲಿ ಹಬ್ಬಿರುವ ಒಂದೆಲಗವನ್ನು ಬೇರು ಸಮೇತ ಒಂದು ಹಿಡಿ ಕಿತ್ತು, ಮಣ್ಣು ಹೋಗುವವರೆಗೆ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಸಣ್ಣ ಬಾಣಲೆಯಲ್ಲಿ ಅರ್ಧ ಚಮಚ ತುಪ್ಪ ಬಿಸಿ ಮಾಡಿ ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ. ಜೀರಿಗೆ ಕೆಂಪಾಗಿ, ಕಾಳುಮೆಣಸು ಒಂದು ಸಲ ಚಟ್ಟೆಂದ ಕೂಡಲೇ ಒಲೆ ಆರಿಸಿ, ಆ ಬಿಸಿಯಲ್ಲೇ ಸೊಪ್ಪನ್ನು ಬಾಡಿಸಿ. ಜೀರಿಗೆ ಕಪ್ಪಾದರೆ ತಂಬುಳಿ ಕಹಿಯಾಗುತ್ತದೆ, ಹಾಗಾಗಿ ಕಣ್ಣು ಬಾಣಲೆಯ ಮೇಲೇ ಇರಲಿ. ಮೂರು ನಾಲ್ಕು ಚಮಚ ಕಾಯಿತುರಿಯ ಜೊತೆ ನುಣ್ಣಗೆ ಬೀಸಿ, ಎರಡು ಲೋಟ ಕಡೆದ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ಕುದಿಸಬಾರದು. ಮೊದಲ ಎರಡು ತುತ್ತು ಅನ್ನ ಇದರಲ್ಲಿ ಕಲಸಿ ಉಣ್ಣಿ, ಉಳಿದದ್ದನ್ನು ಕುಡಿಯಿರಿ.

ಇದೇ ಕ್ರಮದಲ್ಲಿ ಸೊಪ್ಪು ಬದಲಿಸುತ್ತ ಹೋಗಬಹುದು. ಹಸಿವೇ ಇಲ್ಲದವರಿಗೆ ಶುಂಠಿ ತಂಬುಳಿ. ಹೊಟ್ಟೆ ಉಬ್ಬರಕ್ಕೆ ಜೀರಿಗೆ, ಓಮ ಅಥವಾ ಸಾಂಬಾರ ಸೊಪ್ಪು, ಅಂದರೆ ದೊಡ್ಡಪತ್ರೆ. ಉರಿ ಇರುವವರಿಗೆ ಕಾಳುಮೆಣಸು ಬಿಟ್ಟು ಒಂದೆಲಗ ಅಥವಾ ಮೆಂತೆ, ಮಜ್ಜಿಗೆ ಹುಳಿ ಬಂದಿರಬಾರದು. ಹೊಟ್ಟೆ ಸಡಿಲಾದಾಗ ಪೇರಲೆ ಕುಡಿ ಅಥವಾ ಒಣಗಿಸಿಟ್ಟ ದಾಳಿಂಬೆ ಸಿಪ್ಪೆಯ ತಂಬುಳಿ ಮನೆಮನೆಯ ಮದ್ದು. ಅದರ ಜೊತೆ ಓಆರ್‌ಎಸ್ ಕುಡಿಯುವುದನ್ನು ಮರೆಯಬೇಡಿ, ಮಕ್ಕಳಿಗಂತೂ ಅದೇ ಮೊದಲು.

ಮಜ್ಜಿಗೆ ಅಂದರೆ ಕಡೆದು ಬೆಣ್ಣೆ ತೆಗೆದ ಮಜ್ಜಿಗೆ. ಮೊಸರಿಗೆ ನೀರು ಬೆರೆಸಿ ಚಮಚದಲ್ಲಿ ತಿರುಗಿಸಿದರೆ ಅದು ನೀರು ಮೊಸರು, ಅಷ್ಟೇ. ಆಯುರ್ವೇದ ಎರಡಕ್ಕೂ ಬೇರೆ ಬೇರೆ ಗುಣ ಹೇಳುತ್ತದೆ. ಮೊಸರು ಜಡ, ರಾತ್ರಿ ಬೇಡ, ಬಿಸಿ ಮಾಡಿ ಬೇಡ, ದಿನಾ ಬೇಡ ಅನ್ನುತ್ತದೆ. ಮಜ್ಜಿಗೆಯನ್ನು ಹಗುರ, ಹಸಿವು ಹೆಚ್ಚಿಸುವಂಥದ್ದು, ಮೂಲವ್ಯಾಧಿಗೂ ಹಿತ ಎಂದು ಹೊಗಳುತ್ತದೆ.

ಮೀನೂಟದ ಮನೆಗಳಲ್ಲೂ ಇದೇ ಜಾಣತನ ಇದೆ. ಕಾರವಾರದ ಕಡೆ ಬಂಗಡೆ ಸಾರಿಗೆ ತೆಪ್ಪಲ ಜಜ್ಜಿ ಹಾಕುತ್ತಾರೆ. ನಾಲಿಗೆ ಚುಮುಗುಡಿಸುವ ಆ ಪುಟ್ಟ ಕಾಯಿ ಮೀನಿನ ಹಸಿ ವಾಸನೆ ತೆಗೆಯುತ್ತದೆ, ಜಿಡ್ಡಿನ ಮೀನು ಹೊಟ್ಟೆಗೆ ಭಾರವಾಗದ ಹಾಗೆ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯೂ ಇದೆ. ಹುಳಿಗೆ ಮುರುಗಲ, ಅಂದರೆ ಕೋಕಂ ಸಿಪ್ಪೆ. ಊಟದ ಕೊನೆಗೆ ಸೋಲ್ ಕಡಿ: ಮುರುಗಲ ಸಿಪ್ಪೆ ನೆನೆಸಿದ ನೀರಿಗೆ ಕಾಯಿಹಾಲು, ಒಂದೆರಡು ಎಸಳು ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು. ಮೀನು ಉಂಡ ದಿನ ಹಾಲು, ಪಾಯಸ, ಐಸ್ ಕ್ರೀಮ್ ಒಟ್ಟಿಗೆ ಬೇಡ. ಆಯುರ್ವೇದ ಮೀನು-ಹಾಲನ್ನು ವಿರುದ್ಧ ಆಹಾರದ ಸಾಲಿಗೆ ಸೇರಿಸಿದೆ. ಮೀನನ್ನು ರವೆ ಹಚ್ಚಿ ಹುರಿಯುವ ಬದಲು ವಾರದಲ್ಲಿ ಹೆಚ್ಚು ದಿನ ಸಾರು ಮಾಡಿದರೆ ಹೊಟ್ಟೆಗೆ ದೊಡ್ಡ ಉಪಕಾರ.

ರಾತ್ರಿಗೆ ಕುಚ್ಚಲಕ್ಕಿ ಗಂಜಿಯಷ್ಟು ಹಿತವಾದದ್ದು ನನಗೆ ಬೇರೆ ಗೊತ್ತಿಲ್ಲ. ಘಟ್ಟದ ಕೆಳಗೆ ಇದೇ ಪೇಜ. ಅಕ್ಕಿಯ ಎಂಟು ಹತ್ತು ಪಟ್ಟು ನೀರಿಟ್ಟು ಅಗುಳು ಹಿಸುಕಿದರೆ ಮೆತ್ತಗಾಗುವ ತನಕ ಬೇಯಿಸಿ, ಮೇಲೆ ಒಂದು ಚಮಚ ತುಪ್ಪ. ಜೊತೆಗೆ ಸುಟ್ಟ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಯ ರಸ. ಉಪ್ಪಿನಕಾಯಿ ನೆಂಚಿಕೊಳ್ಳಲಿಕ್ಕೆ ಮಾತ್ರ. ಬಿಪಿ ಇದ್ದವರು ಅದನ್ನೂ ಬಿಡಿ.

ಹಣ್ಣಿನ ಬಗ್ಗೆ ಹಿರಿಯರ ಮಾತೇ ಇದೆಯಲ್ಲ, ‘ಹಸಿದು ಹಲಸು, ಉಂಡು ಮಾವು’. ಹಲಸು ಭಾರ, ಅದಕ್ಕೆ ಗಟ್ಟಿ ಹಸಿವು ಬೇಕು. ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಮೇಲಿಂದ ಹತ್ತು ತೊಳೆ ತಿಂದು, ಆಮೇಲೆ ಹೊಟ್ಟೆನೋವು ಅಂದರೆ ಹಲಸಿನದ್ದೇನು ತಪ್ಪು?

ಐದನೇ ಹೆಜ್ಜೆ: ಈಗ ಕಷಾಯ

ಒಂದು ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, ಒಂದು ಚಮಚ ಮೆಂತೆ, ಒಂದು ಚಮಚ ಕಾಳುಮೆಣಸು, ನಾಲ್ಕು ಏಲಕ್ಕಿ. ಒಂದೊಂದನ್ನೇ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು ತರಿತರಿಯಾಗಿ ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೇಕಿದ್ದರೆ ಚೂರು ಬೆಲ್ಲ, ಮುಕ್ಕಾಲು ಲೋಟಕ್ಕೆ ಇಳಿಯುವವರೆಗೆ ಕುದಿಸಿ ಸೋಸಿ. ಹಾಲು ಹಾಕಿದ ಕಷಾಯ ಚಹಾದ ಬದಲಿಗೆ ಚೆನ್ನ. ಜೀರ್ಣಕ್ಕೆಂದು ಕುಡಿಯುವುದಾದರೆ ಹಾಲು ಬೇಡ. ದಿನಕ್ಕೆ ಒಂದು ಲೋಟ ಸಾಕು. ತೀಕ್ಷ್ಣಾಗ್ನಿಯವರು ಕಾಳುಮೆಣಸು, ಮೆಂತೆ ಎರಡನ್ನೂ ಬಿಟ್ಟು ಕೊತ್ತಂಬರಿ ಜೀರಿಗೆಯಷ್ಟನ್ನೇ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ ಕುಡಿಯಬಹುದು.

ಮಂದಾಗ್ನಿಯವರಿಗೆ ಇದಕ್ಕಿಂತ ಸುಲಭದ್ದು ಇನ್ನೊಂದಿದೆ. ಊಟಕ್ಕೆ ಹತ್ತು ನಿಮಿಷ ಮೊದಲು ತೆಳ್ಳಗೆ ಹೆಚ್ಚಿದ ಒಂದೆರಡು ಬಿಲ್ಲೆ ಹಸಿಶುಂಠಿಯನ್ನು ಉಪ್ಪು ಮುಟ್ಟಿಸಿ ಅಗಿಯುವುದು. ಉಬ್ಬರ ಜಾಸ್ತಿ ಇರುವವರಿಗೆ ಹಿಂಗ್ವಾಷ್ಟಕ ಚೂರ್ಣವನ್ನು ಮೊದಲ ತುತ್ತಿಗೆ ತುಪ್ಪದ ಜೊತೆ ಕಲಸಿ ಉಣ್ಣುವ ಪದ್ಧತಿ ಇದೆ. ಅದು ಹಿಂಗು, ಶುಂಠಿ, ಕಾಳುಮೆಣಸು, ಹಿಪ್ಪಲಿ, ಓಮದ ಜಾತಿಯ ಬೀಜ, ಎರಡು ಬಗೆಯ ಜೀರಿಗೆ, ಸೈಂಧವ ಲವಣ ಸೇರಿದ ಎಂಟರ ಪುಡಿ. ಅಂಗಡಿಯಿಂದ ಸುಮ್ನೆ ತಂದು ತಿಂಗಳುಗಟ್ಟಲೆ ತಿನ್ನುವ ಬದಲು ಆಯುರ್ವೇದ ವೈದ್ಯರಿಂದ ಪ್ರಮಾಣ ಕೇಳಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆಯೋ ಬೇರೆ ದಿನನಿತ್ಯದ ಔಷಧವೋ ಇದ್ದರೆ ಅದನ್ನೂ ಅವರಿಗೆ ಹೇಳಿ.

ಆರನೇ ಹೆಜ್ಜೆ: ಉಂಡ ಮೇಲೆ

ಅಂಗಳದಲ್ಲಿ, ಮಳೆಯಾದರೆ ಜಗಲಿಯಲ್ಲೇ, ನಿಧಾನವಾಗಿ ನೂರು ಹೆಜ್ಜೆ. ಆಮೇಲೆ ಬೇಕಿದ್ದರೆ ಎಡಮಗ್ಗುಲಾಗಿ ಹತ್ತು ನಿಮಿಷ ಒರಗಿ. ಎಡಮಗ್ಗುಲಲ್ಲಿ ಹುಳಿ ಮೇಲಕ್ಕೆ ಬರುವುದು ಕಡಿಮೆ. ಬೇಸಿಗೆ ಬಿಟ್ಟು ಉಳಿದ ಕಾಲದಲ್ಲಿ ಹಗಲು ನಿದ್ದೆ ಮಾಡಬಾರದು ಅನ್ನುತ್ತದೆ ಆಯುರ್ವೇದ. ಊಟವಾಗಿ ಎರಡು ಮೂರು ತಾಸು ಆಗದೆ ರಾತ್ರಿ ಹಾಸಿಗೆಗೆ ಹೋಗಬೇಡಿ. ಮಲ, ಮೂತ್ರ, ವಾಯು ಯಾವುದನ್ನೂ ತಡೆಹಿಡಿಯಬೇಡಿ. ಬೆಳಿಗ್ಗೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಮಕ್ಕಳು ಮಲ ತಡೆದುಕೊಂಡು ಶಾಲೆಗೆ ಹೋಗುತ್ತವೆ, ಮಲಬದ್ಧತೆ ಅಲ್ಲೇ ಶುರು. ಅರ್ಧ ತಾಸು ಮೊದಲು ಎಬ್ಬಿಸಿ, ಒಂದು ಲೋಟ ಬಿಸಿನೀರು ಕೊಡಿ.

ಏಳನೇ ಹೆಜ್ಜೆ: ಕಾಲ ನೋಡಿ ಬದಲಿಸಿ

ವರ್ಷಋತುವಿನಲ್ಲಿ ಅಗ್ನಿ ಕುಂದುತ್ತದೆ, ವಾತ ಕೆರಳುತ್ತದೆ ಎಂದು ಚರಕ ಸಂಹಿತೆ ಹೇಳುತ್ತದೆ. 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮ ಕರಾವಳಿಗೆ ಇದು ತುಂಬ ಹೊಂದುವ ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಬಾವಿ ನೀರನ್ನು ಕುದಿಸಿಯೇ ಕುಡಿಯಿರಿ. ಹಿಂದಿನ ವರ್ಷದ ಹಳೆ ಅಕ್ಕಿ ಬಳಸಿ, ಹೊಸ ಅಕ್ಕಿ ಜಡ. ಊಟ ಬಿಸಿ ಇರಲಿ, ತುಪ್ಪ, ಶುಂಠಿ, ಹುಳಿ, ಉಪ್ಪು ಮಿತವಾಗಿ ಇರಲಿ. ಕೆಸುವಿನ ಕರಕಲಿ, ಪತ್ರೊಡೆ, ಕಳಲೆ ಎಲ್ಲ ಈ ಕಾಲದ ರುಚಿಗಳು, ಬಿಡಿ ಅನ್ನುವುದಿಲ್ಲ. ಕೆಸುವಿಗೆ ಹುಳಿ ಸಾಕಷ್ಟು ಹಾಕಿ ಚೆನ್ನಾಗಿ ಬೇಯಿಸಿ, ಇಲ್ಲವಾದರೆ ಗಂಟಲು ತುರಿಸುತ್ತದೆ. ಪತ್ರೊಡೆಯನ್ನು ಮಧ್ಯಾಹ್ನವೇ ಮುಗಿಸಿ, ರಾತ್ರಿಗೆ ಉಳಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲವಾದ್ದರಿಂದ ಒಣಮೀನಿನ ಸರದಿ. ಚೆನ್ನಾಗಿ ನೆನೆಸಿ ಉಪ್ಪು ಕಳೆದು, ಚಟ್ನಿಯಷ್ಟು ಮಾತ್ರ ಬಡಿಸಿಕೊಳ್ಳಿ.

ಏಪ್ರಿಲ್ ಮೇ ಸೆಖೆಗೆ ಮುರುಗಲ ಹಣ್ಣಿನ ಪಾನಕ, ಮಾವಿನಕಾಯಿಯ ತೆಳ್ಳಗಿನ ಅಪ್ಪೆಹುಳಿ, ಎಳನೀರು. ಖಾರ ಕಡಿಮೆ. ಎದೆಯುರಿ ಇರುವವರು ಅಪ್ಪೆಹುಳಿಯನ್ನು ಖಾಲಿ ಹೊಟ್ಟೆಗೆ ಕುಡಿಯಬೇಡಿ.

ಜನ ಎಚ್ಚರ ತಪ್ಪುವುದು ಅಕ್ಟೋಬರಿನಲ್ಲಿ. ಮಳೆ ನಿಂತು ದಿಢೀರ್ ಬಿಸಿಲು ಬೀಳುತ್ತದೆ, ಮಳೆಗಾಲದಲ್ಲಿ ಕೂಡಿಟ್ಟ ಪಿತ್ತ ಆಗ ಏಳುತ್ತದೆ. ಹುಳಿತೇಗು, ಬಾಯಿಹುಣ್ಣು, ತಲೆನೋವು ಒಟ್ಟಿಗೆ ಬರುತ್ತವೆ. ಮಳೆಗಾಲದ ಶುಂಠಿ ಕಾಳುಮೆಣಸನ್ನು ಆಗಲೂ ಮುಂದುವರಿಸಿದರೆ ಉರಿ ಹೆಚ್ಚುತ್ತದೆ. ನವರಾತ್ರಿಯ ಹೊತ್ತಿಗೆ ಕಷಾಯದ ಡಬ್ಬಿ ಮೇಲಿಟ್ಟು, ಹಾಗಲಕಾಯಿ, ಹೆಸರುಬೇಳೆ ತೊವ್ವೆ, ತುಪ್ಪ, ನೆಲ್ಲಿಕಾಯಿಗೆ ತಿರುಗಿ. ಈ ಋತುವಿನಲ್ಲಿ ಮೊಸರು, ಜಲಚರಗಳ ಮಾಂಸ, ಹಗಲು ನಿದ್ದೆ ಬೇಡ ಎಂದು ಚರಕ ಹೇಳಿದ್ದಾನೆ. ಕಡಲ ದಂಡೆಯವರಿಗೆ ಮೀನು ಬಿಡಿ ಅನ್ನುವುದು ಆಗದ ಮಾತು. ಹುರಿದದ್ದು ಬಿಟ್ಟು ತೆಳು ಸಾರಿನಲ್ಲಿ, ಮಧ್ಯಾಹ್ನ ಮಾತ್ರ ಉಣ್ಣಿ. ದೀಪಾವಳಿ ಕಳೆದು ಘಟ್ಟದ ಮೇಲೆ ಚಳಿ ಹಿಡಿದ ಮೇಲೆ ಹಸಿವು ತಾನಾಗಿ ಜೋರಾಗುತ್ತದೆ. ಆಗ ಉದ್ದಿನ ದೋಸೆ, ಎಳ್ಳುಂಡೆ, ಜೋನಿಬೆಲ್ಲ, ತುಪ್ಪ ಎಲ್ಲ ಕರಗುತ್ತವೆ, ಕೈ ಬಿಗಿ ಹಿಡಿಯದೆ ಉಣ್ಣಿ.